ಒಂದು ತಂಬಿಗೆ ನೀರಿನ ಅಪ್ಪಣೆ

ಪಂಚಮಿ ಹಬ್ಬದ ಹಿಂದಿನ ಭಾನುವಾರ ಹರಿಹರದಲ್ಲಿ ನನಗೆ ಕುಡಿಯಲು ನೀರು ಕೊಡಲಿಲ್ಲ.

ತುಂಗಭದ್ರೆ ದಡ ಮುಟ್ಟಿ ಹರಿಯುತ್ತಿರುವ ಶ್ರಾವಣದಲ್ಲಿ, ಅದೂ ಹರಿಹರದಲ್ಲಿ, ನೀರಿಗೆ ಬರವೇ ಎಂದು ನೀವು ಕೇಳಬಹುದು. ಬರವೇನೂ ಇರಲಿಲ್ಲ. ಹಿತ್ತಲಲ್ಲಿ ಹಂಡೆ ತುಂಬಿತ್ತು. ಅಡುಗೆಮನೆಯಲ್ಲಿ ಕೊಡ ತುಂಬಿತ್ತು. ತಂಬಿಗೆಯಂತೂ ನನ್ನ ಕಣ್ಣೆದುರೇ ಗೂಡಿನಲ್ಲಿ ಫಳಫಳ ಹೊಳೆಯುತ್ತ ಕೂತಿತ್ತು. ಮನೆಯೂ ಬೇರೆಯವರದಲ್ಲ. ನನ್ನ ಒಡಹುಟ್ಟಿದ ತಂಗಿ ಶಾಂತಾಳ ಮನೆ.

ನಮ್ಮ ಕಡೆ ಆಗದವರು ಬಂದು ಜಗಲಿಯ ಮೇಲೆ ಕೂತರೂ ಮೊದಲು ತಂಬಿಗೆ ಬರುತ್ತದೆ. ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಜಗಳ ಏನಿದ್ದರೂ ಆಮೇಲೆ. ನಾನು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತೆ. ಶಾಂತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ತಂಬಿಗೆಯನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ತಪ್ಪು ತಿಳ್ಕಬ್ಯಾಡ್ರಿ ಅಕ್ಕಾರೆ," ಎಂದ ಅವಳ ಗಂಡ ರುದ್ರಪ್ಪ. "ಹೊರಗಿನೋರಿಗೆ ನೀರು ಕೊಡಾಕೆ ಅಪ್ಪಣೆ ಆಗಿಲ್ಲ."

ಹೊರಗಿನವರು! ಅವನ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ನಿಂತು ಅಕ್ಕಿಕಾಳು ಹಾಕಿದವಳು ನಾನು. ಈಗ ಹೊರಗಿನವಳು.

ಯಾರ ಅಪ್ಪಣೆ? ಅದನ್ನು ಹೇಳುವುದಕ್ಕೇ ಈ ವಾರದ ಅಂಕಣ. ಹೇಳಬೇಡಿ ಎಂದು ನನಗೆ ತಿಳಿಸಲಾಗಿದೆ. ಮೊನ್ನೆ ಇಬ್ಬರು ಗಂಡಸರು ನಮ್ಮ ಶಾಲೆಗೆ ಬಂದು, ಹೆಡ್‌ಮಿಸ್ಟ್ರೆಸ್ ಮುಂದೆ ಕೈಮುಗಿದು ಕೂತು, "ನಿಮ್ಮ ಟೀಚರು ಪೇಪರಿನ್ಯಾಗೆ ಏನೇನೋ ಬರೀತಾರಂತೆ, ಒಳ್ಳೇದಲ್ಲ ಅಂತ ಹೇಳ್ರಿ" ಎಂದು ಹೋದರಂತೆ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ಅಷ್ಟನ್ನೂ ಹೇಳಿದರು. ಹೇಳಿ, "ಯಾವ ವಾರ ಬರುತ್ತೆ?" ಎಂದು ಕೇಳಿದರು. (ಅಂಥ ಹೆಡ್‌ಮಿಸ್ಟ್ರೆಸ್ ಎಲ್ಲ ಶಾಲೆಗೂ ಸಿಗಲಿ.) ಆ ಇಬ್ಬರು ಬರದಿದ್ದರೆ ನಾನು ಬಹುಶಃ ಮಿಲ್ಲಿನ ಹೊಗೆಯ ಬಗ್ಗೆ ಬರೆಯುತ್ತಿದ್ದೆನೋ ಏನೋ. ಈಗ ಇದನ್ನೇ ಬರೆಯುತ್ತೇನೆ.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ದಾವಣಗೆರೆಯ ಮಿಲ್ಲಿನ ಕೂಗು ಕೇಳಿಸುವಷ್ಟು ಹತ್ತಿರ, ಎಮ್ಮೆ ಕಟ್ಟುವಷ್ಟು ದೂರ. ಅಪ್ಪ ಇಲ್ಲ. ಅಣ್ಣ ತಮ್ಮ ಯಾರೂ ಇಲ್ಲ. ಅವ್ವ, ನಾನು, ಎಮ್ಮೆ. ಪಂಚಮಿಗೆ ಗಂಡನ ಮನೆಯಿಂದ ಹೆಣ್ಣುಮಗಳನ್ನು ಕರೆತರಲು ಅಣ್ಣನೋ ತಮ್ಮನೋ ಹೋಗುವುದು ರೂಢಿ. ಇಲ್ಲದವರು ಏನು ಮಾಡಬೇಕು? ನಾನೇ ಹೋಗುತ್ತೇನೆ. ಶಾಂತಾಳ ಮದುವೆಯಾದ ವರ್ಷದಿಂದ ಪ್ರತಿ ಶ್ರಾವಣದಲ್ಲೂ ಛತ್ರಿ ಹಿಡಿದು ಹರಿಹರದ ಬಸ್ಸು ಹತ್ತುವ "ಅಣ್ಣ" ನಾನೇ. ಕಂಡಕ್ಟರಿಗೂ ಗೊತ್ತು.

ರುದ್ರಪ್ಪನಿಗೆ ಹರಿಹರದ ಪೇಟೆಯಲ್ಲಿ ಕಾಳಿನ ಅಂಗಡಿ. ಒಳ್ಳೆಯವನು. ಇಸ್ಪೀಟಿನ ಹುಚ್ಚು ಒಂದಿತ್ತು. ಸಂಜೆ ಅಂಗಡಿ ಮುಚ್ಚಿದರೆ ಎಲೆ ಹಿಡಿದು ಕೂತುಬಿಡುತ್ತಿದ್ದ. ಎರಡು ವರ್ಷದ ಹಿಂದೆ ಯಾರೋ ಅವನನ್ನು ಹೊಳೆಯ ದಂಡೆಯ ಒಂದು ಭಜನೆಗೆ ಕರೆದುಕೊಂಡು ಹೋದರು. ಸೋಮವಾರ ಸೋಮವಾರ ಭಜನೆ. ಇಸ್ಪೀಟು ಬಿಟ್ಟ. ಅವ್ವ ನಾಗಪ್ಪನಿಗೆ ತುಪ್ಪದ ದೀಪ ಹಚ್ಚಿದಳು. ನಾನೂ ಸಂತೋಷಪಟ್ಟೆ. ಸುಳ್ಳು ಯಾಕೆ ಹೇಳಲಿ? ಭಜನೆಯಿಂದ ಕೆಟ್ಟವರನ್ನು ನಾನು ಕಂಡಿಲ್ಲ.

ಆ ಗುಂಪಿನ ಹೆಸರು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಯಾಕೆ? "ಮಂಡಳಿ" ಎನ್ನೋಣ. ಅದರ ಯಜಮಾನನನ್ನು ಎಲ್ಲರೂ "ತಾತನವರು" ಎನ್ನುತ್ತಾರೆ. ಅವರಿಗೆ ನಲವತ್ತೂ ತುಂಬಿಲ್ಲ. ಬೊಚ್ಚುಬಾಯಿಯ ಮುದುಕಿಯರೂ ಅವರ ಕಾಲಿಗೆ ಬಿದ್ದು "ತಾತಾ" ಎನ್ನಬೇಕು.

ಸೋಮವಾರದ ಭಜನೆ ದಿನದ ಭಜನೆಯಾಯಿತು. ಸರಿ. ಆಮೇಲೆ ರೇಡಿಯೋ ಮನೆಯಿಂದ ಹೋಯಿತು. ಅದೂ ಸರಿ, ಅದರ ಗೊರಗೊರ ಸದ್ದು ನನಗೂ ಆಗುವುದಿಲ್ಲ. ಆಮೇಲೆ ಪೇಪರು ನಿಂತಿತು. (ಅಂದರೆ ನನ್ನ ಅಂಕಣವೂ ನಿಂತಿತು. ಇಲ್ಲಿ ನನಗೆ ಸ್ವಲ್ಪ ಉರಿದದ್ದು ನಿಜ.) ಆಮೇಲೆ ಮಂಡಳಿಯವರಲ್ಲದವರ ಮನೆಯಲ್ಲಿ ಉಣ್ಣಬಾರದು ಎಂದಾಯಿತು. ಕೊನೆಗೆ, ಬಂದವರಿಗೆ ನೀರು ಕೊಡುವುದಕ್ಕೂ ತಾತನವರನ್ನು ಕೇಳಬೇಕು ಎಂದಾಯಿತು. ಒಂದೇ ದಿನ ಇಷ್ಟೆಲ್ಲ ಹೇಳಿದ್ದರೆ ರುದ್ರಪ್ಪ ಚಪ್ಪಲಿ ಮೆಟ್ಟಿ ಎದ್ದು ಬರುತ್ತಿದ್ದ. ಹಾಗೆ ಒಂದೇ ದಿನ ಹೇಳುವಷ್ಟು ದಡ್ಡರೇ ಅವರು?

ಭಾನುವಾರದ ಮಾತಿಗೆ ಬರುತ್ತೇನೆ. "ಅಪ್ಪಣೆ ಬೇಕಾದರೆ ಕೇಳೋಣ ನಡೀರಿ," ಎಂದು ನಾನೇ ಎದ್ದೆ. ರುದ್ರಪ್ಪ ಗಾಬರಿಯಾದ. ಅವನ ಹಿಂದೆ ಶಾಂತಾ, ಅವಳ ಹಿಂದೆ ನಾನು, ಮೂವರೂ ಹೊಳೆದಂಡೆಯ ಆ ಹಾಲಿಗೆ ಹೋದೆವು. ಉದ್ದನೆಯ ಹಾಲು. ತಗಡಿನ ಮಾಡು. ಜನ ನೆಲದ ಮೇಲೆ ತಲೆತಗ್ಗಿಸಿ ಕೂತಿದ್ದರು. ಬೆತ್ತದ ಕುರ್ಚಿಯಲ್ಲಿ ತಾತನವರು. ಶಾಂತಾ, ರುದ್ರಪ್ಪ ಇಬ್ಬರೂ ಅವರ ಮುಂದೆ ಹೋಗಿ ಕೂತರು.

ನಾನು ಎಂಥ ಮನುಷ್ಯನನ್ನು ನೋಡಲು ಹೋಗಿದ್ದೆನೋ ಅಂಥವರಲ್ಲ. ಕೆಂಗಣ್ಣಿಲ್ಲ, ಗುಡುಗಿಲ್ಲ. ಮೆತ್ತಗಿನ ಮಾತು. ಮುಖದ ಮೇಲೆ ನಗು.

"ದಾವಣಗೆರೆಯಿಂದ ಬಂದ್ರೇನವ್ವ? ಕೂಡ್ರಿ."

"ಕೂಡಾಕೆ ಬಂದಿಲ್ರಿ. ತಂಗೀನ ಹಬ್ಬಕ್ಕೆ ಕರಕಂಡು ಹೋಗಾಕೆ ಬಂದೀನಿ."

"ಕರಕಂಡು ಹೋಗ್ರಿ. ಇಲ್ಲಿ ಯಾರನ್ನೂ ಕಟ್ಟಿ ಹಾಕಿಲ್ಲ. ಬಾಗಿಲು ತೆಗದೇ ಐತೆ, ನೋಡ್ರಿ."

ನಿಜವಾಗಿಯೂ ತೆರೆದೇ ಇತ್ತು. ಹೊಳೆಯ ಗಾಳಿ ಬೀಸುತ್ತಿತ್ತು.

"ಹಂಗಾದ್ರೆ ಅಕ್ಕನಿಗೆ ಒಂದು ತಂಬಿಗೆ ನೀರು ಕೊಡಾಕೆ ನಿಮ್ಮ ಅಪ್ಪಣೆ ಯಾಕ ಬೇಕ್ರಿ?"

ಕೂತವರಲ್ಲಿ ಯಾರೋ ಉಸಿರೆಳೆದುಕೊಂಡರು. ತಾತನವರು ನಕ್ಕರು. "ಶಿಸ್ತು ಬೇಕಲ್ಲವ್ವ. ನೀವು ಸಾಲಿ ಕಲಸೋರು. ನಿಮ್ಮ ಹುಡುಗೀರು ನೀರು ಕುಡಿಯಾಕೆ ನಿಮ್ಮನ್ನ ಕೇಳಂಗಿಲ್ಲೇನು?"

ಒಪ್ಪಬೇಕು, ಒಳ್ಳೆಯ ಏಟು. ಆದರೆ ನಾನು ಏಳನೇ ಕ್ಲಾಸಿನ ಹುಡುಗಿಯರ ಜೊತೆ ದಿನವಿಡೀ ವಾದ ಮಾಡುವವಳು.

"ಕೇಳ್ತಾರ್ರಿ. ಆದ್ರೆ ಸಂಜಿ ಗಂಟೆ ಹೊಡೆದ ಮ್ಯಾಲೆ ಅವರು ಮನಿಗೆ ಹೋಗ್ತಾರೆ. ನಿಮ್ಮ ಗಂಟೆ ಯಾವಾಗ ಹೊಡಿತೈತೆ?"

ನಗು ಮುಖದ ಮೇಲೆಯೇ ಇತ್ತು, ಕಣ್ಣಿನಿಂದ ಮಾತ್ರ ಹೋಯಿತು. ಅವರು ನನ್ನನ್ನು ಬಿಟ್ಟು ಶಾಂತಾಳ ಕಡೆ ತಿರುಗಿದರು. ಹಬ್ಬಕ್ಕೆ ಹೋಗಬಹುದು, ಎಂದರು. ಬೆಳಿಗ್ಗೆ ಹೋಗಿ ಸಂಜೆ ಬರಬೇಕು. ತವರಲ್ಲಿ ನೀರು, ಅನ್ನ, ಉಂಡಿ ಯಾವುದನ್ನೂ ಮುಟ್ಟಬಾರದು. ಮತ್ತೆ ಇನ್ನೊಂದು.

ಈ ಇನ್ನೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವುದು ನಮ್ಮಲ್ಲಿ ಬರೀ ಹಾಲು ಸುರಿದು ಕೈಮುಗಿಯುವುದಲ್ಲ. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಲ ಎರೆಯಬೇಕು. ಅಪ್ಪನ ಪಾಲು. ಅವ್ವನ ಪಾಲು. ಅಕ್ಕನ ಪಾಲು. ಸತ್ತವರದು, ಇದ್ದವರದು, ದೂರ ಇದ್ದವರದು. ಮಾತು ಬಿಟ್ಟ ಚಿಕ್ಕಪ್ಪನದೂ. ನಮ್ಮ ಅವ್ವ ಎಮ್ಮೆಯ ಪಾಲನ್ನೂ ಎರೆಯುತ್ತಾಳೆ. ಹೆಣ್ಣುಮಗಳಿಗೆ ತನ್ನವರು ಎಂದರೆ ಯಾರು ಯಾರು ಎಂಬುದು ವರ್ಷಕ್ಕೊಮ್ಮೆ ಅವಳ ಬಾಯಿಂದಲೇ ಬರುವ ದಿನ ಅದು.

ತಾತನವರು ಹೇಳಿದರು: "ಯಾರ್ಯಾರದೋ ಹೆಸರು ಹಿಡಿಯಾದು ಬ್ಯಾಡ. ಎಲ್ಲಾರ ಪಾಲೂ ತಾತನ ಪಾಲಿನೊಳಗೇ ಐತೆ. ತಾತನ ಪಾಲು ಅಂತ ಒಂದು ಸಲ ಎರೆದು ಬಾ, ಸಾಕು."

ನನಗೆ ಮೈ ಉರಿದು ಹೋಯಿತು. ನಮ್ಮಪ್ಪನ ಪಾಲು ಈ ಮನುಷ್ಯನೊಳಗೆ ಐತಂತೆ! ದನ ಕಾಯ್ದು, ಹತ್ತಿ ಹೊತ್ತು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಸತ್ತ ಮನುಷ್ಯನ ಒಂದು ಬಟ್ಟಲು ಹಾಲಿನ ಮೇಲೂ ಇವರ ಕಣ್ಣು.

"ಹಂಗೆ ಕಳಿಸಾದಾದ್ರೆ ಬ್ಯಾಡ್ರಿ," ಎಂದೆ. "ನಾನು ತಂಗೀನ ಕರಿಯಾಕೆ ಬಂದೀನಿ. ನಿಮ್ಮ ಜೀತದಾಳನ್ನ ಸಂಜೀತನಕ ಕಡ ಕೇಳಾಕೆ ಬಂದಿಲ್ಲ."

ಶಾಂತಾಳ ಕಡೆ ನೋಡಿದೆ. "ನಡಿಯೇ ಶಾಂತಿ. ಬಾಗಿಲು ತೆಗದೇ ಐತಂತಲ್ಲ."

ಅವಳು ಏಳಲಿಲ್ಲ. ನೆಲದ ಮೇಲೆ ಬೆರಳಿನಿಂದ ಏನೋ ಗೀರುತ್ತ ಕೂತಿದ್ದಳು. "ನೀ ಹೋಗಕ್ಕ," ಎಂದಳು, ಅಷ್ಟೆ.

ಕೈಹಿಡಿದು ಎಳೆದುಕೊಂಡು ಬರಬೇಕಿತ್ತೇ? ಎಷ್ಟೋ ಜನ ಈಗ ಹಾಗೆ ಹೇಳುತ್ತಾರೆ. ಎಳೆದು ತಂದರೆ ನನಗೂ ಆ ಕುರ್ಚಿಯಲ್ಲಿ ಕೂತವರಿಗೂ ಏನು ವ್ಯತ್ಯಾಸ? ಬಂದುಬಿಟ್ಟೆ. ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

ಶಾಂತಾಳ ಮನೆಯ ಓಣಿ ದಾಟುವಾಗ ಎದುರು ಮನೆಯ ಗಂಗಕ್ಕ ನನ್ನನ್ನು ಕರೆದಳು. ಕೈಯಲ್ಲಿ ತಂಬಿಗೆ. "ಕುಡೀರಿ ಟೀಚರಮ್ಮ. ನಾನು ಎಲ್ಲ ನೋಡಿದೆ. ನನಗೆ ಯಾರ ಅಪ್ಪಣೇನೂ ಬೇಕಾಗಿಲ್ಲ." ಅವಳೂ ಒಂದು ವರ್ಷ ಮಂಡಳಿಯಲ್ಲಿದ್ದವಳು. ಮಗಳ ಬಾಣಂತನಕ್ಕೆಂದು ಅಪ್ಪಣೆ ಇಲ್ಲದೆ ಹೋಗಿ ಬಂದಳು. ಅಂದಿನಿಂದ ಮಂಡಳಿಯವರು ಯಾರೂ ಅವಳೊಡನೆ ಮಾತಾಡುವುದಿಲ್ಲ. ಆ ಯಾರೂ ಎಂಬುದರಲ್ಲಿ ಅವಳ ಸ್ವಂತ ಗಂಡ, ಸ್ವಂತ ಮಗ ಇಬ್ಬರೂ ಸೇರಿದ್ದಾರೆ. ಒಂದೇ ಸೂರಿನ ಕೆಳಗೆ ಇದ್ದಾರೆ. ರೊಟ್ಟಿ ಇವಳೇ ಬಡಿಯುತ್ತಾಳೆ. ಅವರು ಉಂಡು ಎದ್ದು ಹೋಗುತ್ತಾರೆ. ಉಪ್ಪು ಕಮ್ಮಿಯಾದರೂ ಬೈಯುವವರಿಲ್ಲ.

"ಬೈದ್ರೆ ಸಾಕಿತ್ತವ್ವ," ಎಂದಳು ಗಂಗಕ್ಕ.

ತೆರೆದ ಬಾಗಿಲ ಅರ್ಥ ನನಗೆ ಆಗ ಗೊತ್ತಾಯಿತು. ಶಾಂತಾ ಯಾಕೆ ಏಳಲಿಲ್ಲ ಎಂಬುದೂ. ದಿನವೂ ಬೆಳಿಗ್ಗೆ ಬಾಗಿಲು ತೆಗೆದರೆ ಅವಳಿಗೆ ಎದುರಿಗೆ ಕಾಣುವುದು ಗಂಗಕ್ಕನ ಮನೆಯೇ.

ಮರುದಿನ ಸ್ಟಾಫ್‌ರೂಮಿನಲ್ಲಿ ಇದನ್ನೆಲ್ಲ ಹೇಳಿದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಡಿಕ್ಷನರಿ ಪುರುಷರು. "ಇದಕ್ಕೆ ಕಲ್ಟ್ ಅಂತಾರೆ" ಎಂದು ಒಂದೇ ಏಟಿಗೆ ತೀರ್ಪು ಕೊಟ್ಟು ಬೀಡಾ ಬಾಯಿಗೆ ಹಾಕಿಕೊಂಡರು. ಹೆಸರು ಸಿಕ್ಕಿದರೆ ಅವರಿಗೆ ಕೆಲಸ ಮುಗಿಯಿತು. ಆದರೆ ನಮ್ಮ ಕನ್ನಡ ಪಂಡಿತರು ಬಿಡಲಿಲ್ಲ.

"ಅಲ್ರವ್ವ, ನಮ್ಮ ಮಠದೊಳಗೂ ಗುರುಗಳಿದಾರೆ. ಕಾಲಿಗೆ ಬೀಳ್ತೀವಿ. ಅಪ್ಪಣೆ ಕೇಳ್ತೀವಿ. ಅಮಾಸಿ ದಿನ ಇಂಥದ್ದು ತಿನಬ್ಯಾಡ ಅಂದ್ರೆ ತಿನ್ನಾದಿಲ್ಲ. ಹಂಗಂದ್ರೆ ನಾವೂ ಅದೇ ಆದ್ವಲ್ಲ? ಬ್ಯಾರೆಯವರದ್ದು ಗುಂಪು, ನಮ್ಮದು ಧರ್ಮ ಅಂದ್ರೆ ಹೆಂಗೆ?"

ಚುಚ್ಚುವ ಪ್ರಶ್ನೆ. ನಾಲ್ಕು ದಿನ ನನ್ನ ತಲೆ ತಿಂದಿತು. ಕಾಲಿಗೆ ಬೀಳುವುದರಿಂದ ಅಳೆಯೋಣ ಎಂದರೆ ಎಲ್ಲರೂ ಬೀಳುತ್ತೇವೆ. ಉಪವಾಸದಿಂದ ಅಳೆಯೋಣ ಎಂದರೆ ಅವ್ವನೇ ಮೊದಲ ಅಪರಾಧಿ. ಹಾಗಾದರೆ ಯಾವುದರಿಂದ?

ಒಗ್ಗರಣೆ ಹಾಕುತ್ತಿದ್ದಾಗ ಅಪ್ಪ ನೆನಪಾದ. ನಾನು ಚಿಕ್ಕವಳಿದ್ದಾಗ ನಮ್ಮ ಮಠದಲ್ಲಿ ದಾಸೋಹದ ಅನ್ನ ಬೇಯದೆ ಗಟ್ಟಿಯಾಗಿ ಉಳಿಯುತ್ತಿತ್ತು. ಹೇಳಲು ಎಲ್ಲರಿಗೂ ಅಂಜಿಕೆ. ಅಪ್ಪ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಸ್ವಾಮಿಗಳ ಮುಂದೆ ಇಟ್ಟು, "ಬುದ್ಧೀ, ಇದನ್ನ ನೀವೊಮ್ಮೆ ಉಣ್ರಿ" ಎಂದಿದ್ದ. ಸ್ವಾಮಿಗಳು ಒಂದು ತುತ್ತು ಬಾಯಿಗಿಟ್ಟುಕೊಂಡರು, ಮುಖ ಹುಳ್ಳಗೆ ಮಾಡಿದರು, ಅಡುಗೆಯವನನ್ನು ಕರೆಸಿದರು. ಸುತ್ತಲಿದ್ದ ಭಕ್ತರು ಅಪ್ಪನನ್ನು ತಿಂದುಹಾಕುವ ಹಾಗೆ ನೋಡಿದರಂತೆ. ಮಾರನೆಯ ವಾರ ಅಪ್ಪ ಮತ್ತೆ ಮಠಕ್ಕೆ ಹೋದ. ಅದೇ ಪಂಕ್ತಿಯಲ್ಲಿ ಕೂತ. ಅವನ ತಟ್ಟೆಗೂ ಅನ್ನ ಬಿತ್ತು, ಮೆತ್ತಗಿನ ಅನ್ನ.

ಪಂಡಿತರೇ, ನನ್ನ ಅಳತೆ ಇಷ್ಟೇ. ತಪ್ಪು ಎಂದು ಹೇಳಿದವನಿಗೆ ಮರುದಿನ ಪಂಕ್ತಿಯಲ್ಲಿ ಜಾಗ ಇದೆಯೇ? ಎದ್ದು ಹೋದವಳೊಡನೆ ಗಂಡ ಮಗ ಮಾತಾಡುತ್ತಾರೆಯೇ? ದೇವರು ಯಾವನೇ ಇರಲಿ, ಮಂತ್ರ ಯಾವುದೇ ಇರಲಿ, ಬಟ್ಟೆ ಯಾವ ಬಣ್ಣದ್ದೇ ಇರಲಿ, ನಾನು ನೋಡುವುದು ಇದನ್ನೇ. ಮತ್ತು ಈ ಅಳತೆಗೋಲು ನಮ್ಮ ಮಠಕ್ಕೂ ಹಿಡಿಯಲಿ. ನಾಳೆ ಅಲ್ಲಿಯೂ ಪ್ರಶ್ನೆ ಕೇಳಿದವನ ತಟ್ಟೆ ಕಸಿದರೆ ಅದನ್ನೂ ಇದೇ ಜಾಗದಲ್ಲಿ ಬರೆಯುತ್ತೇನೆ. (ಸಂಪಾದಕರು ಇದನ್ನು ಓದುತ್ತಿದ್ದಾರೆ ಎಂದು ನಂಬಿದ್ದೇನೆ.)

ಪಂಡಿತರು ಕೇಳಿ, ತಲೆ ತುರಿಸಿಕೊಂಡು, "ಆಗ್ಲಿ ಬಿಡ್ರಿ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ಪೂರ್ತಿ ಮಾರ್ಕು.

ಇಷ್ಟಾದರೂ ಶಾಂತಾ ಹರಿಹರದಲ್ಲೇ ಇದ್ದಳು. ವಾದ ಗೆದ್ದರೆ ತಂಗಿ ಬರುತ್ತಾಳೆಯೇ?

ಅವ್ವ ಮಾತ್ರ ಏನೂ ಆಗದವಳ ಹಾಗೆ ಎಳ್ಳು ಹುರಿದಳು, ಶೇಂಗಾ ಹುರಿದಳು, ಉಂಡಿ ಕಟ್ಟಿದಳು. ಆನಗೋಡಿನ ಸೋದರಮಾವ ಕಳಿಸಿದ ಹಗ್ಗದಿಂದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದಳು. "ಯಾರಿಗವ್ವ ಇದೆಲ್ಲ?" ಎಂದು ರೇಗಿದೆ. "ಬರೋರಿಗೆ," ಎಂದಳು.

ಪಂಚಮಿಯ ಬೆಳಿಗ್ಗೆ ನಾನು ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದೆ. ಎಳೆ ಮೇಲೆ ಯಾರದೋ ನೆರಳು ಬಿತ್ತು. ತಲೆ ಎತ್ತಿದರೆ ಶಾಂತಾ. ಒಬ್ಬಳೇ. ಕೈಯಲ್ಲಿ ಒಂದು ಚೀಲ. ಪ್ಯಾಸೆಂಜರ್ ಗಾಡಿ ಇಳಿದು ಸ್ಟೇಷನ್ನಿನಿಂದ ನಡೆದೇ ಬಂದಿದ್ದಳು. ಕಾಲ ತುಂಬ ಕೆಸರು.

"ಅಪ್ಪಣೆ ಆತೇನೇ?" ಎಂದೆ. ನನ್ನ ನಾಲಗೆ ಅಂಥದು.

"ಇಲ್ಲ," ಎಂದಳು. "ಮೊದಲು ನೀರು ಕೊಡಕ್ಕ."

ಓದುಗರೇ, ತಂಬಿಗೆ ತರಲು ಒಳಗೆ ಹೋದವಳು ಒಂದು ಗಳಿಗೆ ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅತ್ತುಬಿಟ್ಟೆ. ಬರೆಯಲು ನಾಚಿಕೆ ಇಲ್ಲ. ಅವಳು ಕಾಲು ತೊಳೆದಳು. ಬೆಲ್ಲ ಬಾಯಿಗೆ ಹಾಕಿಕೊಂಡಳು. ತಂಬಿಗೆ ಎತ್ತಿ ಗಟಗಟ ಕುಡಿದಳು. ಅವ್ವ ಬಂದು ಅವಳ ತಲೆ ಸವರಿ, "ಎಷ್ಟು ಸೊರಗೀಯೆ" ಎಂದಳು. ಯಾಕೆ ಬಂದೆ, ಹೇಗೆ ಬಂದೆ, ಒಂದೂ ಕೇಳಲಿಲ್ಲ.

ನಾಗರಕಲ್ಲಿನ ಮುಂದೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಶಾಂತಾಳ ಸರದಿ ಬಂತು. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡಳು.

"ಅಪ್ಪನ ಪಾಲು," ಎಂದಳು. ಎರೆದಳು. "ಅವ್ವನ ಪಾಲು. ಅಕ್ಕನ ಪಾಲು." ಆಮೇಲೆ, "ನಮ್ಮನಿಯೋರ ಪಾಲು." ನಾನು ಹುಬ್ಬು ಗಂಟಿಕ್ಕಿದೆ. ಅವಳು ನೋಡಲಿಲ್ಲ. "ನಮ್ಮತ್ತೆ ಪಾಲು. ಎದುರು ಮನಿ ಗಂಗಕ್ಕನ ಪಾಲು."

ಬಟ್ಟಲು ಮತ್ತೆ ತುಂಬಿಕೊಂಡಳು. ಈಗ ತಾತನವರ ಹೆಸರು ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಹೆದರಿದ ಜನ ಹಾಗೇ ಮಾಡುತ್ತಾರಲ್ಲವೇ, ಎರಡೂ ಕಡೆ ಸರಿತೂಗಿಸಲು?

"ನನ್ನ ಪಾಲು," ಎಂದಳು ಶಾಂತಾ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನವರದೆಲ್ಲ ಎರೆಯುತ್ತೇವೆ, ಎಮ್ಮೆಯದೂ ಎರೆಯುತ್ತೇವೆ. ತನ್ನ ಪಾಲನ್ನು ತಾನೇ ಹೆಸರು ಹಿಡಿದು ಎರೆದ ಹೆಣ್ಣುಮಗಳನ್ನು ನಮ್ಮ ಓಣಿ ಅಲ್ಲಿಯವರೆಗೆ ನೋಡಿರಲಿಲ್ಲ. ಅವ್ವ ಏನಾದರೂ ಅನ್ನುತ್ತಾಳೇನೋ ಎಂದು ನೋಡಿದೆ. ಅವ್ವ ಅವಳ ಕೈಯಿಂದ ಬಟ್ಟಲು ಇಸಕೊಂಡಳು. ಎಲ್ಲರದೂ ಆಗಿ ಎಮ್ಮೆಯದೂ ಆದ ಮೇಲೆ, ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬ ಹಾಗೆ, "ನಂದೂ" ಎಂದು ಇನ್ನೊಂದು ಬಟ್ಟಲು ಎರೆದಳು.

ಅಂದು ಶಾಂತಾ ಉಂಡಿ ತಿಂದಳು, ಜೋಕಾಲಿ ಜೀಕಿದಳು. ಎರಡು ದಿನ ಇದ್ದಳು. ಮೂರನೆಯ ದಿನ ಚೀಲ ಕಟ್ಟಿದಾಗ ನಾನು ತಡೆದೆ. "ಯಾಕ ಹೋಗ್ತೀ? ಗಂಗಕ್ಕನಂಗೆ ಮೂಕಿಯಾಗಿ ಇರಾಕೇನು?"

"ಅದು ನನ್ನ ಮನಿ ಅಕ್ಕ. ನಾನ್ಯಾಕ ಬಿಡ್ಲಿ? ಬೇಕಾದ್ರೆ ಆ ತಾತ ಹೊಳಿ ದಾಟಿ ಹೋಗ್ಲಿ." ಚೀಲ ಹೆಗಲಿಗೇರಿಸಿ, "ಮಾತಾಡದಿದ್ರೆ ಬಿಡ್ಲಿ. ನಾನು ಆಡ್ತೀನಿ. ಗಂಗಕ್ಕ ಅದಾಳೆ. ಈಗ ನಾವು ಇಬ್ರಾದ್ವಿ," ಎಂದಳು.

ನಾನು ಧೈರ್ಯಸ್ಥೆ ಎಂದುಕೊಂಡಿದ್ದೆ. ಹಾಲಿನಲ್ಲಿ ನಾಲ್ಕು ಮಾತಾಡಿ ಬಸ್ಸು ಹತ್ತಿ ಬರುವುದು ಏನು ಮಹಾ? ಅದೇ ಮನೆಗೆ ವಾಪಸ್ಸು ಹೋಗಿ, ಅದೇ ಒಲೆಯ ಮುಂದೆ ಕೂತು, ದಿನವೂ ಎದುರಿಸುವವಳು ಅವಳು.

ಹೋದ ಮೇಲೆ ಸುದ್ದಿ ಬಂದಿದೆ. ರುದ್ರಪ್ಪ ಮಾತು ಬಿಟ್ಟಿದ್ದಾನೆ. ಅತ್ತೆಯೂ. ಮಂಡಳಿಯ ಯಾವ ಹೆಂಗಸೂ ಬಾವಿಕಟ್ಟೆಯಲ್ಲಿ ಅವಳ ಪಕ್ಕ ನಿಲ್ಲುವುದಿಲ್ಲ. ಶಾಂತಾ ಜಗಲಿಯ ಮೇಲೆ ದಿನವೂ ಒಂದು ಕೊಡ ನೀರು, ಒಂದು ತಂಬಿಗೆ ಇಡುತ್ತಾಳಂತೆ. ಹಾದು ಹೋಗುವವರು ಯಾರು ಬೇಕಾದರೂ ಕುಡಿಯಬಹುದು. ಮೊದಲ ದಿನ ರುದ್ರಪ್ಪ ಅದನ್ನು ಎತ್ತಿ ಒಳಗಿಟ್ಟ. ಅವಳು ಮತ್ತೆ ಹೊರಗಿಟ್ಟಳು. ಎರಡನೆಯ ದಿನವೂ ಎತ್ತಿಟ್ಟ, ಅವಳು ಮತ್ತೆ ಹೊರಗಿಟ್ಟಳು. ಈಗ ಅವನು ಎತ್ತಿಡುವುದಿಲ್ಲ. ಸುತ್ತಿ ಹಾದುಹೋಗುತ್ತಾನೆ.

ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿದೆ. "ಹೆಸರು ಹಾಕಬ್ಯಾಡ ಅಂದ್ರೆ ಹಾಕಾದಿಲ್ಲ," ಎಂದೆ. "ಹಾಕು," ಎಂದಳು. ಹಾಕಿದ್ದೇನೆ.

ಶಾಲೆಗೆ ಬಂದ ಆ ಇಬ್ಬರು ಮಹನೀಯರೇ, ನಿಮಗೆ ಪೇಪರು ಓದುವ ಅಪ್ಪಣೆ ಇಲ್ಲ ಎಂದು ಗೊತ್ತು. ಕದ್ದಾದರೂ ಓದಿಯೇ ಓದುತ್ತೀರಿ. ಓದಿದ ಮೇಲೆ ನನ್ನ ಬರಹದ ಬಗ್ಗೆ ಹೆಡ್‌ಮಿಸ್ಟ್ರೆಸ್ಸರಿಗೆ ಮತ್ತೆ ಹೇಳಲು ಬನ್ನಿ. ಕೂಡಿಸಿ, ಕಾಲಿಗೆ ನೀರು, ಕುಡಿಯಲು ನೀರು, ಬೆಲ್ಲ ಎಲ್ಲ ಕೊಡುತ್ತೇನೆ. ಅದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ.

ನಾಳೆ ನಿಮ್ಮ ಅಕ್ಕ ನಿಮ್ಮ ಜಗಲಿಯ ಮೇಲೆ ಬಂದು ಕೂತರೆ, ನೀವು ಯಾರನ್ನು ಕೇಳಬೇಕು?